ತಕ್ಕಡಿ ಸಾಹೇಬರ ಲ್ಯಾಪ್‌ಟಾಪ್ ಖರೀದಿ

ನಾನು ನಿಯಮ ಮೀರಿ ನಡೆದವನಲ್ಲ. ಆದರೂ ಊರು ನಗುವಂಥ ಪ್ರಸಂಗಗಳು ನನ್ನ ವಿಳಾಸ ಕೇಳಿಕೊಂಡು ಬರುತ್ತಲೇ ಇರುತ್ತವೆ. ಇದಕ್ಕೆ ನನ್ನ ನೌಕರಿ ಕಾರಣವೆಂದು ನಾನು ಹೇಳುತ್ತೇನೆ. ನೌಕರಿಗೂ ಇದಕ್ಕೂ ಸಂಬಂಧವಿಲ್ಲ, ಸ್ವಭಾವವೇ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ನಾನು ತೂಕ-ಅಳತೆಯ ಇನ್ಸ್‌ಪೆಕ್ಟರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಿರುಗಿ ತಕ್ಕಡಿ, ತೂಕದ ಕಲ್ಲು, ಬಟ್ಟೆ ಅಳೆಯುವ ಪಟ್ಟಿ ಸರಿ ಇವೆಯೇ ನೋಡಿ ಮುದ್ರೆ ಒತ್ತುವುದು ನನ್ನ ಕೆಲಸ. ಜನ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ತಕ್ಕಡಿ ಸಾಹೇಬ್ರು’ ಅನ್ನುತ್ತಾರೆ.

ಹೆಂಡತಿ ಗಣಿತದ ಟೀಚರ್. ಶಾಲೆ ಬಿಟ್ಟ ಮೇಲೆ, ಸಂಜೆ ಐದಕ್ಕೆ, ನಮ್ಮ ಬಾಗೇವಾಡಿ ಮನೆಯಿಂದಲೇ ಮುಳವಾಡ, ಗೊಳಸಂಗಿ, ಹೂವಿನ ಹಿಪ್ಪರಗಿ ಕಡೆಯ ಹತ್ತನೇ ಇಯತ್ತೆಯ ಹೆಣ್ಣುಮಕ್ಕಳಿಗೆ ಫೋನಿನಲ್ಲಿ ಪಾಠ ಹೇಳುತ್ತಾಳೆ. ಫೀ ಇಲ್ಲ. ತೊಂದರೆ ಏನೆಂದರೆ, ಬೋರ್ಡ್ ಪೂರ್ತಿ ಕಾಣಲಿ ಎಂದು ಫೋನನ್ನು ದೂರ ಇಟ್ಟರೆ ಹುಡುಗಿಯರ ಮುಖ ಸಾಸಿವೆ ಕಾಳಿನಷ್ಟಾಗುತ್ತವೆ. ಹತ್ತಿರ ಇಟ್ಟರೆ ಮುಖ ಕಾಣುತ್ತವೆ, ಬೋರ್ಡ್ ಅರ್ಧಕ್ಕೆ ಹೋಗುತ್ತದೆ. ಪಾಠ ತಿಳಿಯದೆ ಹುಡುಗಿಯರು ಒಬ್ಬೊಬ್ಬರೇ ಬಿಡತೊಡಗಿದ್ದರು.

“ಬರೂ ಸೋಮವಾರ ತ್ರಿಕೋನಮಿತಿ ಸುರು ಮಾಡ್ತೇನಿ,” ಎಂದಳು ಹೆಂಡತಿ ಒಂದು ದಿನ. “ಅವತ್ತೂ ಅರ್ಧ ತ್ರಿಕೋನ ಕಂಡ್ರ ಉಳಿದ ಹುಡಿಗ್ಯಾರೂ ಬಿಡ್ತಾರ. ಒಂದು ಸಾದಾ ಲ್ಯಾಪ್‌ಟಾಪ್ ಸಾಕ್ರಿ. ಕಡಿಮಿ ರೇಟಿಂದು.”

“ಅದನ್ನ ನನಗ ಬಿಡು,” ಎಂದೆ. ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

ಇಂಡಿ: ತೂಕವಿಲ್ಲದ ಪೇಟೆ

ಇಂಡಿಯಲ್ಲಿ ಕಚೇರಿ ವೇಳೆ ಮುಗಿಯುವವರೆಗೆ ಕಾದೆ. ಸ್ವಂತ ಕೆಲಸಕ್ಕೆ ಸರಕಾರಿ ಜೀಪು ಬಳಸುವವನು ನಾನಲ್ಲ. ನಡೆದೇ ಹೊರಟೆ. ಕಂಪ್ಯೂಟರ್ ಅಂಗಡಿಯ ಪಕ್ಕ ಒಬ್ಬ ಲಿಂಬೆಹಣ್ಣಿನ ವ್ಯಾಪಾರಿ ಕೂತಿದ್ದ. ನನ್ನನ್ನು ಕಂಡವನೇ ಎದ್ದು ಒಳಗೆ ಹೋದ. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕಂಪ್ಯೂಟರ್ ಅಂಗಡಿಯವನು ಕೈಮುಗಿದು ನಿಂತ. “ಸಾಹೇಬ್ರ, ನಾವು ತೂಗಿ ಮಾರೂದು ಏನೂ ಇಲ್ರಿ.”

“ನಾನು ಗಿರಾಕಿ. ಲ್ಯಾಪ್‌ಟಾಪ್ ತೋರಿಸ್ರಿ.”

ಅವನಿಗೆ ನಂಬಿಕೆ ಬರಲಿಲ್ಲ. ಆದರೂ ಒಂದನ್ನು ತೆಗೆದಿಟ್ಟ. ಪರದೆ ಹದಿನೈದು ಪಾಯಿಂಟ್ ಆರು ಇಂಚು ಎಂದು ಡಬ್ಬಿಯ ಮೇಲಿತ್ತು. ನಾನು ಜೇಬಿನಿಂದ ಉಕ್ಕಿನ ಟೇಪು ತೆಗೆದು ಮೂಲೆಯಿಂದ ಮೂಲೆಗೆ ಹಿಡಿದೆ. ಸರಿ ಇತ್ತು. ತೂಕವನ್ನೂ ಬರೆದಿದ್ದರು. ಬರೆದ ಮೇಲೆ ನೋಡಬೇಕಲ್ಲ?

“ತಕ್ಕಡಿ ತರಸ್ರಿ,” ಎಂದೆ.

“ಇಲ್ಲಿತನಕ ಯಾರೂ ಲ್ಯಾಪ್‌ಟಾಪ್ ತೂಗಿ ಒಯ್ದಿಲ್ರಿ.”

“ಅದಕ್ಕ ನೋಡ್ರಿ, ಯಾರಿಗೂ ಗೊತ್ತಾಗಿಲ್ಲ.”

ಅವನು ತಾನೇ ಎದ್ದು ಪಕ್ಕದ ಲಿಂಬೆ ಅಂಗಡಿಗೆ ಹೋದ. ಬಹಳ ಹೊತ್ತು ಪಿಸುಮಾತು ಕೇಳಿಸಿತು. ತಿರುಗಿ ಬಂದವನ ಕೈ ಖಾಲಿ ಇತ್ತು.

“ಏನಂತಾನ?”

“ತಕ್ಕಡೀನ ಇಟ್ಟಿಲ್ಲ ಅಂತಾನ್ರಿ. ಇಷ್ಟು ವರ್ಷ ಲಿಂಬಿಹಣ್ಣು ಬರೇ ಗಿರಾಕಿ ಮಾರಿ ನೋಡಿ ಮಾರ್ಯಾನಂತ.”

ಸಿಂದಗಿ: ಏರಿಸುವ ಗಿರಾಕಿ

ಸಿಂದಗಿಯಲ್ಲಿ ಟೇಪು ಹೊರಗೆ ತೆಗೆಯಲಿಲ್ಲ. ಮಾಲು ಒಪ್ಪಿಗೆಯಾಯಿತು. ಕರೆಂಟು ಹೋದರೂ ಒಂದು ಪಾಠ ಮುಗಿಯುವಷ್ಟು ಬ್ಯಾಟರಿ ನಡೆಯುತ್ತದೆ ಎಂದು ಅಂಗಡಿಯವರು ಮಾಡಿಯೂ ತೋರಿಸಿದರು. ದರದ ಚೀಟಿ ನೋಡಿ ಹಣ ತೆಗೆದೆ.

“ಛೇ ಛೇ, ಚೀಟಿ ಮ್ಯಾಲಿಂದು ಮಂದಿಗ್ರಿ. ನಿಮಗ ಬ್ಯಾರೆ ರೇಟ್,” ಎಂದರು ಅಂಗಡಿಯವರು.

“ಮಂದಿಗೆ ಎಷ್ಟೋ ನನಗೂ ಅಷ್ಟ.”

“ಪ್ರೀತಿಯಿಂದ ಕೊಡಾಕತ್ತೇನ್ರಿ.”

“ಪ್ರೀತಿ ಬಿಲ್ಲಿನಾಗ ಬರೂದಿಲ್ಲ. ಪೂರ್ತಿ ತಗೋರಿ.”

“ಅರ್ಧಾನರೆ ಕಡಿಮಿ ಮಾಡ್ಲಿ?”

“ಒಂದು ಪೈಸಾ ಕಡಿಮಿ ಮಾಡಿದ್ರ ನಾ ಒಯ್ಯೂದಿಲ್ಲ.”

ಅಂಥದೇ ಇನ್ನೊಂದು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಇನ್ನೊಬ್ಬರು ಕೂತಿದ್ದರು. ಬಿಳಿ ಗಡ್ಡದ ಹಿರಿಯರು, ಮೊಮ್ಮಗಳಿಗೆ ಒಯ್ಯಲು ಬಂದವರು. ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದವರು ಈಗ ಎದ್ದು ನಿಂತರು.

“ಸಾಬ್, ನೀವು ಯಾರರೆ ಇರ್ರಿ. ನಾ ಮುಂಜಾನಿಂದ ಇಲ್ಲೆ ಕುಂತು, ಚಾ ಕುಡದು, ಇವನ ಕೈಕಾಲು ಹಿಡದು ರೇಟ್ ಇಳಸಾಕತ್ತೇನಿ. ನೀವು ಈಗ ಬಂದು ಏರಸಾಕತ್ತೀರಿ. ನಿಮಗ ನಾ ಏನ್ ಅನ್ಯಾಯ ಮಾಡೇನ್ರಿ?”

ನಾನು ಕಾಯ್ದೆ ವಿವರಿಸಲು ಹೋದೆ. ಅವರು ಅಂಗಡಿಯವರತ್ತ ತಿರುಗಿ, “ಈ ಸಾಹೇಬ್ರಿಗೆ ಏನು ಕಡಿಮಿ ಮಾಡಾಕ ಹೊಂಟಿದ್ದಿ, ಅದನ್ನ ನನಗ ಮಾಡು. ಅವರಿಗಂತೂ ಬ್ಯಾಡಂತ!” ಎಂದರು.

ಅಂಗಡಿಯವರು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಎರಡೂ ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ ಹೇಳಿದರು: “ಇಬ್ಬರೂ ಹೊರಗ ಹೋಗಿ ಚಾ ಕುಡದು, ಮಾತಾಡಿ, ಒಂದು ರೇಟ್ ಠರಾಯಿಸಿಕೊಂಡು ಬರ್ರಿ. ಅಲ್ಲಿತನಕ ನಾ ಮಾರೂದ ಇಲ್ಲ.”

ಮನೆ: ಸುಳ್ಳಿನ ಗುಂಡಿ

ಪೇಟೆ ಸಾಕಾಯಿತು. ವೆಬ್‌ಸೈಟಿಗೆ ನನ್ನ ಮುಖ ಗೊತ್ತಿಲ್ಲ, ನನ್ನ ಮೇಲೆ ವಿಶೇಷ ಪ್ರೀತಿಯೂ ಇರಲಿಕ್ಕಿಲ್ಲ. ಶನಿವಾರ ಊಟ ಮುಗಿಸಿ ಫೋನ್ ಹಿಡಿದು ಕೂತೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವನಿಗೆ ಇದೇನು ದೊಡ್ಡದು ಎಂಬ ಧೈರ್ಯ ಬೇರೆ.

ಮೊದಲು ಷರತ್ತುಗಳು ಬಂದವು, ಒಪ್ಪಿಗೆಯೇ ಎಂದು ಕೇಳಿದವು. ಓದದೆ ಒಪ್ಪುವವನು ನಾನಲ್ಲ. ಮೊದಲಿನಿಂದ ಕೊನೆಯವರೆಗೆ ಓದಿದೆ. ಮುಗಿಸಿ ‘ಒಪ್ಪಿಗೆ’ ಒತ್ತಿದರೆ, ಬಹಳ ಹೊತ್ತು ಸುಮ್ಮನಿದ್ದೀರೆಂದು ನಿಮ್ಮನ್ನು ಹೊರಗೆ ಹಾಕಲಾಗಿದೆ ಎಂದು ಬಂತು.

ಮತ್ತೆ ಒಳಗೆ ಹೋದೆ. ದರ ಮಾತ್ರ ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ, ಉಳಿದ ಮಾಹಿತಿಯೆಲ್ಲ ಬಿಳಿಯ ಮೇಲೆ ತೆಳು ಬೂದಿ ಬಣ್ಣದಲ್ಲಿ. ಪೊಟ್ಟಣದ ಮೇಲಿನ ಅಕ್ಷರ ಎಷ್ಟು ಎತ್ತರ ಇರಬೇಕೆಂಬುದಕ್ಕೆ ನಿಯಮವಿದೆ. ಅಳೆಯೋಣವೆಂದು ಪರದೆಗೆ ಸ್ಕೇಲು ಹಿಡಿದೆ. ಬೆರಳು ತಗುಲಿ ಅಕ್ಷರ ಬೂದುಗುಂಬಳದಷ್ಟಾಯಿತು. ಇನ್ನೊಮ್ಮೆ ಹಿಡಿದರೆ ಪುಟವೇ ಓಡಿಹೋಗಿ ಒಂದು ಮಿಕ್ಸರ್ ಮುಂದೆ ನಿಂತಿತು.

ಹೆಂಡತಿ ಶೇಂಗಾ ಸುಲಿಯುತ್ತ ನೋಡುತ್ತಿದ್ದಳು. “ಅಂಗಡ್ಯಾವರು ನಿಮ್ಮನ್ನ ಕಂಡು ಓಡ್ತಾರಂತ ಕೇಳಿದ್ದೆ. ಪುಟಾನೂ ಓಡ್ತಾವೇನ್ರಿ?”

ಅಷ್ಟರಲ್ಲಿ ಕೆಂಪು ಗಡಿಯಾರವೊಂದು ಕಾಣಿಸಿತು. ಈ ದರ ಇನ್ನು ಹತ್ತು ನಿಮಿಷ ಮಾತ್ರ! ನನ್ನ ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟು ಎರಡನ್ನೂ ನೋಡುತ್ತ ಕೂತೆ. ಹತ್ತು ನಿಮಿಷ ಸರಿಯಾಗಿ ಮುಗಿಯಿತು. ಕೂಡಲೇ ಮತ್ತೆ ಹತ್ತು ನಿಮಿಷ ಶುರುವಾಯಿತು. ದರ ಅದೇ.

“ಇದು ಖೊಟ್ಟಿ ಗಡಿಯಾರ!” ಎಂದು ಕೂಗಿದೆ.

“ಜಪ್ತಿ ಮಾಡ್ರಿ,” ಎಂದಳು.

ಸಿಟ್ಟು ನುಂಗಿಕೊಂಡು ಮುಂದೆ ಹೋದೆ. ಲ್ಯಾಪ್‌ಟಾಪ್ ಆರಿಸಿ, ವಿಳಾಸ ತುಂಬಿ, ಕೊನೆಯ ಹಂತಕ್ಕೆ ಬಂದೆ. ಆಗ ಪರದೆ ತುಂಬ ಒಂದು ಚೌಕ ತೆರೆಯಿತು. ತಿಂಗಳಿಗಿಷ್ಟು ಕೊಟ್ಟು ಸದಸ್ಯರಾಗಿ ಎಂದಿತ್ತು. ನನಗೆ ಬೇಡ. ಮುಚ್ಚಲು ಹುಡುಕಿದರೆ ಗುಣಿಸು ಚಿಹ್ನೆಯೇ ಇಲ್ಲ. ಕೆಳಗೆ ಎರಡೇ ಗುಂಡಿ. ಒಂದರಲ್ಲಿ ‘ಹೌದು, ಸದಸ್ಯನಾಗುತ್ತೇನೆ.’ ಇನ್ನೊಂದರಲ್ಲಿ ‘ಬೇಡ, ನನಗೆ ಹಣ ಉಳಿಸುವುದು ಇಷ್ಟವಿಲ್ಲ.’

ನಾನು ಫೋನ್ ಕೆಳಗಿಟ್ಟೆ.

“ಏನಾತು?” ಎಂದಳು.

“ಇದನ್ನ ಒತ್ತಾಕ ಬರೂದಿಲ್ಲ. ನನಗ ಹಣ ಉಳಸೂದು ಇಷ್ಟ ಐತಿ.”

“ಸುಮ್ನ ಒತ್ತ್ರಿ!”

“ಸುಳ್ಳು ಹೇಳಿಕಿ ಅದು. ನನ್ನ ಹೆಸರು, ವಿಳಾಸ ಎಲ್ಲಾ ಕೊಟ್ಟೇನಿ. ನಾಳೆ ಯಾರರೆ ತಗದು ಓದಿದ್ರ?”

“ಯಾರು ಓದ್ತಾರ್ರಿ?”

“ನಾ ಓದ್ತಿದ್ದೆ.”

ಅವಳು ಶೇಂಗಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ಕಸಿದುಕೊಂಡಳು. “ಕೊಡ್ರಿ, ಆ ಸುಳ್ಳು ನನ್ನ ಹೆಸರಿಗೆ ಇರ್ಲಿ,” ಎನ್ನುತ್ತ ಒತ್ತಿದಳು. ಚೌಕ ಮುಚ್ಚಿತು. ಅದರ ಹಿಂದೆ, ಅಷ್ಟು ಹೊತ್ತು ನಮಗೆ ಕಾಣದಂತೆ, ಇನ್ನೊಂದು ಸಾಲು ಕಾದು ಕೂತಿತ್ತು: ನಿಮ್ಮ ಊರಿಗೆ ಈ ವಸ್ತು ಕಳಿಸುವ ವ್ಯವಸ್ಥೆ ಇಲ್ಲ.

ಮುದ್ದೇಬಿಹಾಳ: ಅಂಗಡಿಯೇ ಶಾಲೆ

ಸೋಮವಾರ ಬಂದೇಬಿಟ್ಟಿತು. ಹೆಂಡತಿ ಆ ದಿನ ರಜೆ ಹಾಕಿದಳು, ನನಗೂ ಹಾಕಿಸಿದಳು. “ಮುದ್ದೇಬಿಹಾಳದಾಗ ಹೊಸಾ ಅಂಗಡಿ ಆಗೇತಿ. ಆ ಅಂಗಡ್ಯಾಗ ನಿಮ್ಮ ಗುರುತು ಇನ್ನೂ ಯಾರಿಗೂ ಇಲ್ಲ. ನೀವು ಬರ್ರಿ, ಆದ್ರ ಬಾಯಿ ತಗೀಬ್ಯಾಡ್ರಿ.”

ನಾವು ಮುಟ್ಟಿದಾಗ ಮೂರು ಹೊಡೆದಿತ್ತು. ಅಂಗಡಿಯವನು ಒಳ್ಳೆಯ ಲವಲವಿಕೆಯ ಮನುಷ್ಯ. “ಬರ್ರಿ ಅಕ್ಕಾರ,” ಎಂದು ಕುರ್ಚಿ ಹಾಕಿದ. ಹೆಂಡತಿ ಮೂರೇ ಮಾತು ಕೇಳಿದಳು. ದೂರ ನಿಂತರೂ ಮುಖ ಕಾಣಬೇಕು, ದನಿ ಗಟ್ಟಿ ಬರಬೇಕು, ಕರೆಂಟು ಹೋದರೆ ನಿಲ್ಲಬಾರದು. ಅವನು ಒಂದನ್ನು ತೋರಿಸಿದ. ರೇಟು ಕೇಳಿದಳು.

“ನಮ್ಮಲ್ಲಿ ಯಾರಿಗರೆ ಒಂದ ರೇಟ್ರಿ ಅಕ್ಕಾರ. ನಮ್ಮಪ್ಪ ಬಂದ್ರೂ ಅಷ್ಟ.”

ಆ ಮಾತು ಕೇಳಿ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಬಾಯಿ ತೆಗೆಯುವಂತಿರಲಿಲ್ಲ, ಹಣ ತೆಗೆದು ಕೊಟ್ಟೆ.

ಲ್ಯಾಪ್‌ಟಾಪ್ ಚಾಲೂ ಮಾಡಿದರೆ ಅದು ತಾನು ತಯಾರಾಗುತ್ತಿದ್ದೇನೆ, ಸ್ವಲ್ಪ ತಡೆಯಿರಿ ಎಂದಿತು. ಆ ಸ್ವಲ್ಪದಲ್ಲಿ ನಾವು ಎರಡು ಸಲ ಚಾ ಕುಡಿದೆವು. ಅದು ತಯಾರಾಗುವಷ್ಟರಲ್ಲಿ ಗಡಿಯಾರ ಐದಕ್ಕೆ ಬಂತು. ಬಾಗೇವಾಡಿ ಮುಟ್ಟುವುದು ದೂರದ ಮಾತಾಯಿತು.

“ಹುಡಿಗ್ಯಾರು ಕಾಯ್ತಿರ್ತಾರ,” ಎಂದಳು ಹೆಂಡತಿ. ಅವಳ ದನಿ ಸಣ್ಣದಾಗಿದ್ದು ಅದೊಂದೇ ಸಲ. ಆಮೇಲೆ ಸುತ್ತ ನೋಡಿದಳು. ಗೋಡೆಗೆ ಒರಗಿಸಿಟ್ಟ ಟಿವಿಯ ದೊಡ್ಡ ಖಾಲಿ ರಟ್ಟಿನ ಡಬ್ಬಿ ಕಂಡಿತು. “ಅಣ್ಣಾರ, ಮಾರ್ಕರ್ ಐತೇನ್ರಿ?”

ಅವನು ಕೊಟ್ಟ. ಅಂಗಡಿಯ ವೈಫೈಯನ್ನೂ ಕೊಟ್ಟ. ಏನಾಗಲಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಡಬ್ಬಿಯ ಮೇಲೆ ಹೆಂಡತಿ ದೊಡ್ಡ ಲಂಬಕೋನ ತ್ರಿಕೋನ ಎಳೆದಳು. ಪರದೆಯಲ್ಲಿ ಒಬ್ಬೊಬ್ಬ ಹುಡುಗಿಯ ಮುಖವೂ ಮೂಡಿತು, ಒಂದೊಂದೂ ಅಂಗೈಯಷ್ಟು. “ಟೀಚರ್, ಪೂರ್ತಿ ಕಾಣಾಕತ್ತೇತ್ರಿ! ಮೂರೂ ಮೂಲಿ!” ಎಂದು ಹಿಪ್ಪರಗಿಯವಳು ಕೂಗಿದಳು. ಹೊಸ ಲ್ಯಾಪ್‌ಟಾಪ್ ಬರುತ್ತದೆಂಬ ಸುದ್ದಿ ಕೇಳಿ, ಬಿಟ್ಟುಹೋದ ಇಬ್ಬರು ಕೂಡ ತಿರುಗಿ ಬಂದಿದ್ದರು. ಹೆಂಡತಿ ಅವರಿಬ್ಬರನ್ನೂ ಹೆಸರು ಹಿಡಿದು ಕರೆದಳು. ಆಮೇಲೆ ಪಾಠ ಶುರು ಮಾಡಿದಳು.

ಸೈನ್ ಮುಗಿದು ಕೊಸೈನ್‌ಗೆ ಬಂದಾಗ ಅಂಗಡಿಯ ಒಳಕೋಣೆಯಿಂದ ಒಬ್ಬ ರೈತ ದೊಡ್ಡ ಸ್ಪೀಕರ್ ಬಾಕ್ಸ್ ಹೊತ್ತು ಹೊರಬಂದ. ಟ್ರ್ಯಾಕ್ಟರಿಗೆ ಹಾಕಿಸುವಂಥದು. ಅವನು ಡಬ್ಬಿಯ ಮುಂದೆ ದಾಟುವುದಕ್ಕೂ ಲ್ಯಾಪ್‌ಟಾಪಿನಿಂದ ದನಿ ಬರುವುದಕ್ಕೂ ಸರಿಹೋಯಿತು.

“ಅಪ್ಪಾ!”

ರೈತ ನಿಂತ. ಮೇಲೆ ನೋಡಿದ, ಹಿಂದೆ ನೋಡಿದ.

“ಅಪ್ಪಾ, ಇಲ್ಲಿ! ಹೊಲಕ್ಕ ಹೋಗ್ತೇನಂತ ಹೇಳಿ ಹೋದಿ. ಅಲ್ಲಿ ಅಂಗಡ್ಯಾಗ ಏನ್ ಮಾಡಾಕತ್ತಿ?”

ಗೊಳಸಂಗಿಯ ಹುಡುಗಿ. ಅಪ್ಪನ ಫೋನಿನಲ್ಲೇ ಪಾಠ ಕೇಳುತ್ತಿದ್ದಳು. ಪರದೆಯಲ್ಲಿ ಮಗಳ ಮುಖ ಕಂಡು ಅವನು ಬಾಕ್ಸನ್ನು ಬೆನ್ನ ಹಿಂದೆ ಮುಚ್ಚಿಡಲು ನೋಡಿದ. ಅದು ಅವನ ಸೊಂಟದಷ್ಟು ಎತ್ತರವಿತ್ತು.

“ಹೊಲಕ್ಕ ಹೊಂಟೇನವ್ವಾ… ಇದ ದಾರಿ.”

“ಬೆನ್ನ ಹಿಂದ ಅದೇನು? ಅವ್ವಾ, ಬಾರವಾ ಇಲ್ಲಿ! ಅಪ್ಪ ಸ್ಪೀಕರ್ ತಗೊಂಡಾನ!”

“ಅವ್ವನ್ನ ಕರೀಬ್ಯಾಡ!”

ಹೆಂಡತಿ ಮಾರ್ಕರ್‌ನಿಂದ ಡಬ್ಬಿಯನ್ನು ಎರಡು ಸಲ ಬಡಿದಳು. “ಕ್ಲಾಸ್ ನಡದೈತಿ! ಯಾರಿಗರೆ ಏನರೆ ಕೇಳೂದಿದ್ರ ಕೈ ಎತ್ತ್ರಿ. ಹಂಗ ನಡುವ ಯಾರೂ ಮಾತಾಡಬಾರ್ದು.”

ರೈತ ಮೆಲ್ಲಗೆ ಬಾಕ್ಸ್ ನೆಲಕ್ಕಿಟ್ಟು ಕೈ ಎತ್ತಿದ. “ಟೀಚರ್, ನಾ ಹೊರಗ ಹೋಗ್ಲೇನ್ರಿ?”

“ಬ್ಯಾಡ. ಬೋರ್ಡ್ ಮುಂದಿಂದ ಸರದು ಅಲ್ಲೆ ಕುಂದರ್ರಿ.”

ಅವನು ಸ್ಪೀಕರ್ ಮೇಲೆಯೇ ಕೈಕಟ್ಟಿ ಕೂತ. ಬಾಗಿಲಲ್ಲಿ ಹೊಸ ಗಿರಾಕಿಗಳು ಬಂದು ನಿಂತರು. ಟೀಚರ್ ಮುಖ ನೋಡಿ ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಒರಗಿ ಸಾಲಾಗಿ ನಿಂತರು. ಪಾಠ ಮುಂದುವರಿಯಿತು. ಬಹಳ ಹೊತ್ತಾದ ಮೇಲೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಇನ್ನೊಂದು ಕೈ ಮೇಲಕ್ಕೆದ್ದಿತು. ಅಂಗಡಿಯ ಮಾಲೀಕನದು.

“ಟೀಚರ್, ನಾ ಸ್ವಲ್ಪ ಅಂಗಡಿ ನಡಸಲೇನ್ರಿ?”

ಹೆಂಡತಿ ತಿರುಗಿಯೂ ನೋಡಲಿಲ್ಲ. “ಮೊದಲ ಕೊಸೈನ್ ಅಂದ್ರ ಏನಂತ ಹೇಳ್ರಿ. ಆಮ್ಯಾಲೆ ನಡಸೀರಂತ.”