ಉಗಾಂಡದಲ್ಲಿ ಬೀಗರ ಉಪಚಾರ

“ಆನೆ ವಿಷ್ಯ ಮಾತ್ರ ನಂಗೆ ಬುಡಿ ಬೀಗ್ರೆ! ನೀವು ಫೋಟೊ ಹೊಡ್ಕೊಂಡು ಕೂತಿರಿ, ಮಿಕ್ಕಿದ್ದು ನಾನ್ ನೋಡ್ಕತೀನಿ!”

ರಾವಂದೂರಿನ ಗೊಬ್ಬರದಂಗಡಿ ಸಿದ್ದಮಲ್ಲಪ್ಪನವರು ಈ ಘೋರ ಪ್ರತಿಜ್ಞೆ ಮಾಡಿದಾಗ ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ವೀರಭದ್ರಸ್ವಾಮಿಗಳು ಕೆ.ಆರ್. ನಗರದ ಗೊಬ್ಬರದ ಡೀಲರು, ಇನ್ನೆರಡು ತಿಂಗಳಲ್ಲಿ ಸಿದ್ದಮಲ್ಲಪ್ಪನವರ ಬೀಗರಾಗುವವರು. ಅವರು “ಓಹೋ” ಎಂದು ಕಣ್ಣು ಮುಚ್ಚಿಕೊಂಡರು.

ಹೆಚ್ಚು ಮೂಟೆ ಮಾರಿದ ಡೀಲರುಗಳನ್ನು, ಬೇಕೆಂದರೆ ಹೆಂಡತಿ ಸಮೇತ, ಗೊಬ್ಬರದ ಕಂಪನಿಯವರು ವರ್ಷಕ್ಕೊಮ್ಮೆ ಫಾರಿನ್ನಿಗೆ ಕರೆದುಕೊಂಡು ಹೋಗುವುದು ವಾಡಿಕೆ. ಪ್ರತಿವರ್ಷ ಬ್ಯಾಂಕಾಕ್ ಆಗುತ್ತಿತ್ತು. ಈ ಸಲ ಯಾರಿಗೆ ಏನು ಹೊಳೆಯಿತೋ, ಉಗಾಂಡ! ಆರು ದಿನ ಕಾಡು, ಕೆರೆ, ಡೇರೆಯಲ್ಲಿ ವಾಸ.

“ಕಾಡು ನೋಡಾಕೆ ಅಷ್ಟು ದೂರ ಯಾಕ್ರೀ?” ಎಂದು ಹೆಂಡತಿ ಸುಂದ್ರಮ್ಮ ಕೇಳಿದ್ದು ನ್ಯಾಯವೇ. ಆಕೆಯ ತವರು ಕಬಿನಿ ಅಣೆಕಟ್ಟೆಯ ಬುಡದ ಬೀಚನಹಳ್ಳಿ. ಅಲ್ಲಿ ಆನೆ ನೋಡಲು ಟಿಕೆಟ್ಟು ಬೇಡ, ಹೊಲದಲ್ಲಿ ರಾಗಿ ಇದ್ದರೆ ಸಾಕು.

ಆದರೆ ಸಿದ್ದಮಲ್ಲಪ್ಪನವರ ಲೆಕ್ಕಾಚಾರವೇ ಬೇರೆ. ಮಗಳು ಮಧುಶ್ರೀಯ ನಿಶ್ಚಿತಾರ್ಥದ ಊಟದಲ್ಲಿ ಒಂದು ಮಹಾ ಅನಾಹುತ ನಡೆದುಹೋಗಿತ್ತು. ಬೀಗರ ಎಲೆಯ ಹತ್ತಿರ ಬರುವಷ್ಟರಲ್ಲಿ ಹೋಳಿಗೆ ಮುಗಿದು, ಅವರಿಗೆ ಒಂದು ಬಾಳೆಹಣ್ಣು ಬಡಿಸಿದ್ದರು! ಗಂಡಿನ ಕಡೆಯವರಿಗೆ ಬಾಳೆಹಣ್ಣು! ವೀರಭದ್ರಸ್ವಾಮಿಗಳು ಒಂದು ಮಾತೂ ಆಡದೆ ಅದನ್ನು ಸುಲಿದು ತಿಂದಿದ್ದರು. ಈ ಆರು ದಿನದಲ್ಲಿ ಬೀಗರಿಗೆ ಉಪಚಾರ ಮಾಡಿ ಆ ಕಳಂಕ ತೊಳೆಯಬೇಕು, ಜೊತೆಗೆ ತಾನೆಂಥ ಗಂಡು ಎಂಬುದನ್ನೂ ತೋರಿಸಬೇಕು. ಇಲ್ಲವಾದರೆ ಮಗಳು ಆ ಮನೆಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ?

ಸುಂದ್ರಮ್ಮ ಬ್ಯಾಗು ತುಂಬುವಾಗ ಒಂದು ಸ್ಟೀಲ್ ತಟ್ಟೆಯನ್ನೂ ಸೌಟನ್ನೂ ಇಟ್ಟರು. ಮದುವೆಯಲ್ಲಿ ತವರಿನವರು ಹೆಸರು ಕೆತ್ತಿಸಿ ಕೊಟ್ಟಿದ್ದ ತಟ್ಟೆ.

“ಲೇ, ಆಫ್ರಿಕಾದಲ್ಲಿ ತಟ್ಟೆ ಸಿಗಕಿಲ್ವ? ಬೀಗ್ರ ಮುಂದೆ ಮಾನ ಕಳೀಬ್ಯಾಡ!”

“ಬಾಡು ಬಡ್ಸಿದ ತಟ್ಟೇಲಿ ನಾನು ಉಣ್ಣಾಕಿಲ್ಲ. ಸುಮ್ಕಿರಿ.”

ತಟ್ಟೆ ಉಗಾಂಡಕ್ಕೆ ಹಾರಿತು.

ಮೊದಲ ದಿನ ಈ ಮೂವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೊರಟವನು ಒಕೆಲ್ಲೊ. ಡ್ರೈವರೂ ಅವನೇ, ಗೈಡೂ ಅವನೇ, ಇಡೀ ಸಮಯ ನಗುವವನೂ ಅವನೇ. ಆದರೆ ಒಂದು ನಿಯಮ ಹೇಳುವಾಗ ಮಾತ್ರ ನಗು ನಿಲ್ಲಿಸಿದ. “ನೋ ಫುಡ್ ಇನ್ ಟೆಂಟ್! ಎಲಿಫೆಂಟ್ ಕಮ್!”

“ನಮಗೇ ಆನೆ ಪಾಠ ಹೇಳ್ತಾನೆ!” ಎಂದು ಸಿದ್ದಮಲ್ಲಪ್ಪನವರು ಗಹಗಹಿಸಿ, ಎರಡು ಸಾವಿರದ ಐದನೇ ಇಸವಿಯಲ್ಲಿ ಬೀಚನಹಳ್ಳಿಯ ಮಾವನ ಹಿತ್ತಲಿಗೆ ನುಗ್ಗಿದ ಏಳು ಆನೆಗಳನ್ನು ತಾವೊಬ್ಬರೇ ಓಡಿಸಿದ ಕಥೆಯನ್ನು ಬೀಗರಿಗೆ ಹೇಳಿದರು. ವಿಮಾನದಲ್ಲಿ ಹೇಳಿದಾಗ ಆನೆಗಳು ಐದಿದ್ದವು. ಸುಂದ್ರಮ್ಮ ಕಿಟಕಿಯಾಚೆ ಜೀಬ್ರಾ ನೋಡುತ್ತಾ ಕುಳಿತಿದ್ದರು.

ಜೀಬ್ರಾ ಆಯಿತು, ದೋಣಿಯಲ್ಲಿ ಕೂತು ನೀರಾನೆ ನೋಡಿದ್ದಾಯಿತು. “ಆ” ಎಂದು ಬಾಯಿ ತೆರೆದ ನೀರಾನೆಯೊಳಗೆ ಎರಡು ಮೂಟೆ ಯೂರಿಯಾ ಹಿಡಿಸುತ್ತದೆ ಎಂದು ಡೀಲರುಗಳಿಬ್ಬರೂ ಒಮ್ಮತಕ್ಕೆ ಬಂದರು. ಆದರೆ ಊಟ? ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬೇಯಿಸಿದ ಆಲೂಗಡ್ಡೆ, ರಾತ್ರಿ ಅದರದೇ ತಮ್ಮ. ವೀರಭದ್ರಸ್ವಾಮಿಗಳು ಉಸಿರೆಳೆದು ಅಂದರು: “ಇರ್ಲಿ ಬುಡಿ ಬೀಗ್ರೆ. ನಿಮ್ಜೊತೆ ಊಟಕ್ಕೆ ಕೂತಾಗ ಅಡ್ಜೆಸ್ಟ್ ಮಾಡ್ಕಳದು ನಮಗೆ ಅಭ್ಯಾಸ ಆಗದೆ.”

ಬಾಳೆಹಣ್ಣು! ಆ ಬಾಳೆಹಣ್ಣು ಸಮುದ್ರ ದಾಟಿ ಬಂದಿತ್ತು!

ಎರಡನೆಯ ದಿನ ರಸ್ತೆಬದಿಯಲ್ಲಿ ಸಿದ್ದಮಲ್ಲಪ್ಪನವರು ಕಂಡದ್ದೇನು? ಹಲಸಿನಹಣ್ಣು! ರಾವಂದೂರಿನ ಸಂತೆಯಿಂದ ನೇರ ಎದ್ದು ಬಂದಂತೆ ಸಾಲಾಗಿ ಕೂತಿದ್ದವು. ಬೀಗರು ನಿದ್ದೆ ಹೊಡೆಯುತ್ತಿದ್ದರು. ಮೆಲ್ಲಗೆ ಇಳಿದು, ತಟ್ಟಿ ನೋಡಿ, ಬಲಿತದ್ದೊಂದನ್ನು ಆರಿಸಿ, ಊರಿಂದ ತಂದಿದ್ದ ಖಾಲಿ ಗೊಬ್ಬರದ ಚೀಲಕ್ಕೆ ಇಳಿಸಿದರು. ನಾಳೆಗೆ ಹಣ್ಣಾಗುತ್ತದೆ, ಜೇನಿನಂಥ ತೊಳೆ ಬಿಡಿಸಿ ಬೀಗರ ಮುಂದಿಟ್ಟರೆ ಹೋಳಿಗೆಯ ಸಾಲ ಚುಕ್ತಾ!

“ವಾಟ್ ಈಸ್ ದಿಸ್, ಸರ್?” ಎಂದ ಒಕೆಲ್ಲೊ.

“ಗಾಡ್! ಪೂಜಾ ಐಟಂ!”

ಒಕೆಲ್ಲೊ ಟೋಪಿ ತೆಗೆದು ಚೀಲಕ್ಕೆ ತಲೆಬಾಗಿದ. ಅವತ್ತಿನಿಂದ ಆ ಚೀಲಕ್ಕೆ ವ್ಯಾನಿನ ಮುಂದಿನ ಸೀಟು, ಬೀಗರಿಗೆ ಹಿಂದಿನ ಸೀಟು.

“ರೀ, ಹಲಸಿನಣ್ಣು ಮಡೀಕಂಡ್ರೆ ಆನೆ ಬತ್ತದೆ ಅಂತ ನಮ್ಮೂರಲ್ಲಿ ಕೂಸಿಗೂ ಗೊತ್ತು,” ಎಂದು ಸುಂದ್ರಮ್ಮ ಪಿಸುಗುಟ್ಟಿದರು.

“ಅದು ನಿಮ್ಮೂರಾನೆ ಕಣೆ! ಈ ಆಫ್ರಿಕಾ ಆನೆಗೆ ಹಲಸಿನ ರುಚಿ ಏನ್ ಗೊತ್ತು?”

ಗೊತ್ತಿತ್ತು!

ಮೂರನೆಯ ದಿನ ಮಧ್ಯಾಹ್ನ, ಸರೋವರದ ದಡದ ಡೇರೆಯಲ್ಲಿ ಸಿದ್ದಮಲ್ಲಪ್ಪನವರು ಚೀಲಕ್ಕೆ ತಲೆಯಿಟ್ಟು ಸಣ್ಣ ನಿದ್ದೆ ತೆಗೆಯುತ್ತಿದ್ದರು. ಹಣ್ಣು ಘಮ್ಮೆನ್ನುತ್ತಿತ್ತು. ಯಾರೋ ಡೇರೆಯ ಬಟ್ಟೆ ಎಳೆದ ಹಾಗಾಯಿತು. “ಯಾರದು, ಬೀಗ್ರಾ? ಬಂದೆ ಇರಿ, ನಿಮಗೇ ಮಡಗಿವ್ನಿ,” ಎಂದು ಕಣ್ಣು ಬಿಟ್ಟರು. ಡೇರೆಯೊಳಗೆ ಬಂದಿದ್ದದ್ದು ಸೊಂಡಿಲು. ಅದರ ಹಿಂದೆ, ನಮ್ಮ ಕಬಿನಿಯ ಆನೆ ಇದರ ಮುಂದೆ ಕರು ಅನ್ನಿಸುವಂಥ ದೇಹ!

ಐವತ್ತೆಂಟರ ಸಿದ್ದಮಲ್ಲಪ್ಪನವರು ಡೇರೆಯ ಹಿಂಬದಿಯಿಂದ ಹೇಗೆ ತೂರಿದರು, ವ್ಯಾನಿನ ತಲೆ ಮೇಲೆ ಹೇಗೆ ಹತ್ತಿದರು, ಅವರಿಗೇ ಇವತ್ತಿಗೂ ತಿಳಿಯದು. ಪಂಚೆ ಗೂಟಕ್ಕೆ ಸಿಕ್ಕಿ ಅಲ್ಲೇ ಉಳಿಯಿತು. ಪಟಾಪಟಿ ಚಡ್ಡಿಯಲ್ಲಿ, ಕಂಪನಿಯ ಟೋಪಿಯಲ್ಲಿ, ಕೈಮುಗಿದುಕೊಂಡು ಕೂತರು. ಕೆಳಗೆ ವ್ಯಾನಿನೊಳಗಿಂದ ಬೀಗರ ದನಿ ಕೇಳಿತು.

“ಬೀಗ್ರೆ, ಆನೆ ವಿಷ್ಯ ನಿಮಗೆ ಬುಟ್ಟಿದ್ದೆ ಅಲ್ವ? ಫೋಟೊಗೆ ನಾನು ರೆಡಿ.”

ಅತ್ತ ಡೇರೆ ಮಕಾಡೆ ಮಲಗಿತು. ಆನೆ ಚೀಲ ಝಾಡಿಸಿತು, ಹಣ್ಣು ಉರುಳಿತು. ಕಾಲಲ್ಲಿ ಒಂದು ಸಲ ಒತ್ತಿ, ಮೊದಲ ತೊಳೆ ಬಾಯಿಗೆ ಹಾಕಿಕೊಂಡಿತು. ಒಕೆಲ್ಲೊ ಮರದ ಮರೆಯಲ್ಲಿ ನಿಂತು ಕಣ್ಣಲ್ಲಿ ನೀರು ತಂದುಕೊಂಡ.

“ಸರ್! ಎಲಿಫೆಂಟ್ ಈಟಿಂಗ್ ಯುವರ್ ಗಾಡ್!”

ತಿಂದು ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಲಸಿನ ವಾಸನೆ ಇನ್ನೂ ಎಲ್ಲಿಂದಲೋ ಬರುತ್ತಿದೆಯಲ್ಲ? ಆನೆ ತಲೆಯೆತ್ತಿತು. ಎರಡು ದಿನ ಚೀಲ ಕೂತಿದ್ದ ವ್ಯಾನು! ಆ ಚೀಲಕ್ಕೇ ತಲೆಯಿಟ್ಟಿದ್ದ ಸಿದ್ದಮಲ್ಲಪ್ಪ! ಕಿವಿ ಬೀಸಿಕೊಂಡು ನಾಲ್ಕು ಹೆಜ್ಜೆ ಇತ್ತಲೇ ಬಂತು. “ಸುಂದ್ರೀ!” ಎಂಬ ಆರ್ತನಾದ ಸರೋವರದ ಆಚೆ ದಡ ಮುಟ್ಟಿ ವಾಪಸ್ಸು ಬಂತು.

ಅಡುಗೆ ಶೆಡ್ಡಿನ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದ ಸುಂದ್ರಮ್ಮ ಸೆರಗು ಸಿಕ್ಕಿಸಿ ಎದ್ದರು. ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ಸೌಟು. ಠಣ್! ಠಣ್! ಠಠಣ್!

“ಓಗಪ್ಪ ಗಣೇಸ! ತಿಂದಾಯ್ತಲ್ಲ, ಇನ್ನೇನಪ್ಪ? ಅವ್ರಲ್ಲಿ ತಿನ್ನಾಂತದ್ದು ಏನೂ ಇಲ್ಲ ಕಣಪ್ಪ! ಓಗು ನನ್ನಪ್ಪ, ಕಾಡು ಸೇರ್ಕೊ!”

ಠಣ್! ಠಠಣ್! ಆನೆ ನಿಂತಿತು. ಈ ಭಾಷೆ ಅದು ಕೇಳಿದ್ದೇ ಇಲ್ಲ, ಆದರೆ ಗದರಿಕೆ ಅರ್ಥವಾಯಿತು. ಸೊಂಡಿಲು ಮಡಚಿ, ಬೈಸಿಕೊಂಡ ಅಳಿಯನ ಹಾಗೆ ತಿರುಗಿ, ಸಿದ್ದಮಲ್ಲಪ್ಪನವರ ಪಂಚೆಯನ್ನು ಕಾಲಿಗೆ ಸುತ್ತಿಕೊಂಡು ಪೊದೆಯೊಳಗೆ ನಡೆಯಿತು.

ಒಕೆಲ್ಲೊ ಓಡಿಬಂದು “ಮಾಮಾ! ಮಾಮಾ!” ಎಂದು, ಅಂದರೆ ಅವರ ಕಡೆ ಅಮ್ಮಾ ಎಂದು, ಸುಂದ್ರಮ್ಮನವರಿಗೆ ಟೋಪಿ ತೆಗೆದ. ಈ ಸಲ ಸರಿಯಾದ ದೇವರಿಗೇ ತೆಗೆದ.

ವೀರಭದ್ರಸ್ವಾಮಿಗಳು ವ್ಯಾನಿನಿಂದ ಇಳಿದು, ಮೇಲೆ ಕೂತ ಬೀಗರನ್ನು ನೋಡಿ, ಸುಂದ್ರಮ್ಮನವರತ್ತ ತಿರುಗಿದರು. “ಅಲ್ಲ ಬೀಗ್ತಿ, ಹಂಗಾದ್ರೆ ಬೀಚನಹಳ್ಳೀಲಿ ಆ ಏಳಾನೆ ಓಡ್ಸಿದ್ದು?”

“ಒಂದೇ ಆನೆ ಕಣ್ರೀ. ಓಡ್ಸಿದ್ದು ನಾನು. ಇವ್ರು ಅಟ್ಟದ ಮೇಲೆ ಕೂತ್ಕಂಡು ‘ಎಡಕ್ಕೋಯ್ತು, ಬಲಕ್ಕೋಯ್ತು’ ಅಂತ ಏಳ್ತಿದ್ರು.”

ಸಿದ್ದಮಲ್ಲಪ್ಪನವರಿಗೆ ವ್ಯಾನಿನ ಮೇಲಿಂದ ಇಳಿಯುವ ಆಸೆಯೇ ಹೋಯಿತು. ಮುಗಿಯಿತು! ಹೋಳಿಗೆಯೂ ಇಲ್ಲ, ಹಲಸೂ ಇಲ್ಲ, ಪಂಚೆಯೂ ಇಲ್ಲ. ಇಂಥವನ ಮಗಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ? ನಿಜಕ್ಕೂ ಅಳು ಬಂತು.

ವೀರಭದ್ರಸ್ವಾಮಿಗಳು ಮೊದಲ ಬಾರಿಗೆ ಮನಸ್ಸು ಬಿಚ್ಚಿ ಮಾತಾಡಿದರು. “ಬೀಗ್ತಿ, ಮಧುಶ್ರೀಗೂ ಈ ತಟ್ಟೆ ಬಡಿಯೋದು ಗೊತ್ತಾ?”

“ಗೊತ್ತಿಲ್ದೆ ಏನು? ಬೀಚನಹಳ್ಳಿ ತಾತನ ಮನೇಲೇ ಬೆಳೆದೋಳು. ಯಾಕ್ರೀ?”

“ಸದ್ಯ! ನಮ್ಮ ಹುಡುಗ ನಂಜುಂಡೇಶ ಜಿರಲೆ ಕಂಡ್ರೆ ಮಂಚ ಹತ್ತಿಬುಡ್ತಾನೆ. ಎಂಥ ಸೊಸೆ ಬತ್ತಾಳೋ ಅಂತ ನಂಗೆ ಅದೇ ಯೋಚ್ನೆ ಆಗಿತ್ತು.”

ಸಿದ್ದಮಲ್ಲಪ್ಪನವರಿಗೆ ಹೋದ ಜೀವ ಬಂದಂತಾಯಿತು. ಮೀಸೆಯ ಮೇಲೆ ಕೈಯಿಟ್ಟು, ಮೇಲಿಂದಲೇ ಗಂಭೀರವಾಗಿ ಕೂಗಿದರು. “ಯೋಚ್ನೆ ಬುಡಿ ಬೀಗ್ರೆ! ಆ ತಟ್ಟೇನೇ ಮಗಳ ಪಾತ್ರೆ ಜೊತೆ ಕಟ್ಟಿ ಕಳುಸ್ತೀನಿ!”

ಸುಂದ್ರಮ್ಮ ತಟ್ಟೆಯ ನಗ್ಗು ಸವರಿ, ಸೆರಗಿನಿಂದ ಒರೆಸಿದರು. “ಕಳುಸ್ಲೇಬೇಕು ಕಣ್ರೀ. ನಮ್ಮಪ್ಪನೂ ಗಂಡು ನೋಡಾಕೆ ಬಂದು ನಿಮ್ಮುನ್ನ ನೋಡ್ಕೊಂಡೋದ್ಮೇಲೇ ಇದುನ್ನ ತಂದಿದ್ದು.”