ಏಳು ಫೈಲು, ಒಂದು ನಲ್ಲಿ

ಆಡಳಿತ ಮಂಡಳಿಯ ಏಳೂ ಸದಸ್ಯರಿಗೆ ಈ ಸಲ ಎಂಥ ಫೈಲು ಮಾಡಿಕೊಡುತ್ತೇನೆಂದರೆ, ಅದನ್ನು ಕಂಡು ಅವರು ಎದ್ದು ನಿಂತು ಚಪ್ಪಾಳೆ ತಟ್ಟಬೇಕು! ಹೀಗೆಂದು ಶಪಥ ಮಾಡಿದೆ. ಮಾಡದೆ ವಿಧಿಯಿರಲಿಲ್ಲ. ನಮ್ಮ ಉಚಿತ ವಾಚನಾಲಯದ ಕಾರ್ಯದರ್ಶಿಯಾಗಿ ನನ್ನ ಆರು ತಿಂಗಳ ಪರೀಕ್ಷಾವಧಿ ಮುಗಿದಿತ್ತು. ಖಾಯಂ ಮಾಡುವುದೋ, ಮನೆಗೆ ಕಳಿಸುವುದೋ, ಸೋಮವಾರದ ಸಭೆಯಲ್ಲೇ ತೀರ್ಮಾನ.

ಭಾನುವಾರ ಬೆಳಿಗ್ಗೆಯೇ ಊಟದ ಮೇಜನ್ನು ವಶಪಡಿಸಿಕೊಂಡೆ. ವರದಿಗಳಿಗೆ ಹಳದಿ ಚೀಟಿ, ಸದಸ್ಯರ ವಿವರಕ್ಕೆ ಹಸಿರು, ಬಾಕಿ ಕೆಲಸಗಳಿಗೆ ಕೆಂಪು.

"ಇದನ್ನೆಲ್ಲ ಒಂದ್ಸಲ ಓದಿ ನೋಡಿದ್ರಾ?" ಎಂದಳು ಹೆಂಡತಿ.

"ಓದೋದು ಹಳೇ ಪದ್ಧತಿ ಕಣೇ! ತಲೆಬರಹ ನೋಡು, ಬಣ್ಣ ನೋಡು, ಸೇರಿಸು. ಮುಗೀತು!"

"ಸರಿ ವಿಜ್ಞಾನಿಗಳೇ, ಆ ಬಚ್ಚಲುಮನೆ ನಲ್ಲಿ..."

"ನಾಳೆ ನೋಡೋಣ!"

ಒಂದು ಗಂಟೆಗೆ ಅಡುಗೆಮನೆಯಿಂದ ಗುಡುಗು ಕೇಳಿಸಿತು. "ಮೇಜು ಖಾಲಿ ಮಾಡ್ತೀರೋ, ಫೈಲನ್ನೇ ಬಡಿಸ್ಲೋ?"

ಮೇಜಿನ ಮೇಲೆ ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಬಾಚಿಕೊಂಡು ಜೆರಾಕ್ಸ್ ಅಂಗಡಿಗೆ ಓಡಿದೆ. ಪ್ರತಿ ಹಾಳೆಗೂ ಏಳು ಪ್ರತಿ! ಸಂಜೆ ಮೇಜಿನ ಸುತ್ತ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಹಾಳೆ ಜೋಡಿಸಿದೆ. ಸಹಾಯಕ್ಕೆ ಬಂದ ಹೆಂಡತಿಯನ್ನು "ಮುಟ್ಬೇಡ, ಕ್ರಮ ಕೆಡುತ್ತೆ!" ಎಂದು ಗದರಿ ಕಳಿಸಿದೆ.

ಸೋಮವಾರ. ನಮ್ಮ ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಕನ್ನಡಕ ಏರಿಸಿ, ನೇರವಾಗಿ ಕೆಂಪು ಚೀಟಿಗೆ ಹೋಗಿ ಗಟ್ಟಿಯಾಗಿ ಓದತೊಡಗಿದರು.

"'ಬಾಕಿ ಕೆಲಸಗಳು. ಬಚ್ಚಲುಮನೆ ನಲ್ಲಿ ಸೋರಿಕೆ. ಯಾವಾಗಿನಿಂದ: ನಾಲ್ಕು ತಿಂಗಳು. ಹೊಣೆ: ಇವರು. ಈಗಿನ ಸ್ಥಿತಿ: ನಾಳೆ ನೋಡೋಣ.'"

ಊಟದ ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಕೆಳಗೆ ಹೆಂಡತಿ ಇಟ್ಟಿದ್ದ ಪಟ್ಟಿ!

"'ಕಿಟಕಿ ಚಿಲಕ. ಎರಡು ವರ್ಷ. ನಾಳೆ ನೋಡೋಣ. ಅಮ್ಮನ ಮಂಚದ ಕಾಲು. ಏಳು ತಿಂಗಳು. ನಾಳೆ ನೋಡೋಣ.'"

"ಅಯ್ಯೋ, ಆ ಅಮ್ಮ ಈಗ ಎಲ್ಲಿ ಮಲಗ್ತಾರ್ರೀ?" ಡಾಕ್ಟರ್ ಸದಸ್ಯರಿಗೆ ಗಾಬರಿ.

"ನಮ್ಮತ್ತೆ ಅದೇ ಮಂಚದಲ್ಲೇ ಸಾರ್. ಕಾಲಿನ ಜಾಗಕ್ಕೆ ಹಳೇ ಪತ್ರಿಕೆ ಒಟ್ಟಿದೀನಿ."

"ಯಾವ ಪತ್ರಿಕೆ? ನಮ್ಮ ವಾಚನಾಲಯದ್ದಾ?" ಎಂದರು ಅಧ್ಯಕ್ಷರು.

ನಾನು ಫ್ಯಾನು ನೋಡತೊಡಗಿದೆ.

"ನೋಡಿ ಕಾರ್ಯದರ್ಶಿಗಳೇ, ನಿಮ್ಮ ಮೂವತ್ತು ಪುಟದಲ್ಲಿ ನನಗೆ ಅರ್ಥ ಆಗಿದ್ದು ಇದೊಂದೇ. ಏನು ಕೆಲಸ, ಎಷ್ಟು ದಿನದಿಂದ, ಯಾರ ಹೊಣೆ, ಎಲ್ಲಾ ಇದೆ! ಯಾರು ಬರೆದಿದ್ದು?"

"ನಮ್ಮ... ಮನೆಯವಳು, ಮೇಡಂ."

ಸರ್ವಾನುಮತದ ನಿರ್ಣಯ: ಪಟ್ಟಿಯ ಕೆಲಸವೆಲ್ಲ ಶುಕ್ರವಾರ ಸಂಜೆ ಐದರೊಳಗೆ ಮುಗಿಯತಕ್ಕದ್ದು. ಮುಗಿದಿದೆ ಎಂದು ಮನೆಯವರ ಸಹಿ ತಂದರೆ ಮಾತ್ರ ನೌಕರಿ ಖಾಯಂ!

ನಾಲ್ಕು ದಿನ ನಾನು ಮನುಷ್ಯನಾಗಿರಲಿಲ್ಲ. ನಲ್ಲಿ ಬಿಚ್ಚಿ ತಲೆಯಿಂದ ಕಾಲಿನವರೆಗೆ ನೆನೆದೆ. ಚಿಲಕ ಹೊಡೆಯಲು ಹೋಗಿ ಹೆಬ್ಬೆರಳು ಹೊಡೆದುಕೊಂಡೆ. ಮಂಚಕ್ಕೆ ಕಾಲು ಕೂಡಿಸಿದ ಮೇಲೆ ಅತ್ತೆ ಅದರ ಮೇಲೆ ಕೂತು, ಎದ್ದು, ಮತ್ತೆ ಕೂತು ಪಾಸು ಮಾಡಿದರು. ಶುಕ್ರವಾರ ನಾಲ್ಕೂವರೆಗೆ ಪಟ್ಟಿ ಹಿಡಿದು ಹೆಂಡತಿಯ ಮುಂದೆ ನಿಂತೆ.

"ಒಂದು ಸಹಿ ಹಾಕಮ್ಮ ತಾಯಿ, ಇನ್ನು ಅರ್ಧ ಗಂಟೆ ಇದೆ!"

ಅವಳು ಪಟ್ಟಿಯನ್ನು ನಿಧಾನವಾಗಿ ಮೇಲಿನಿಂದ ಕೆಳಗಿನವರೆಗೆ ಓದಿದಳು. ನಾಲ್ಕಾಗಿ ಮಡಿಸಿದಳು. ಸಕ್ಕರೆ ಡಬ್ಬಿ ಎತ್ತಿ ಅದರ ಕೆಳಗಿಟ್ಟು ಸಿಹಿಯಾಗಿ ನಕ್ಕಳು.

"ನಾಳೆ ನೋಡೋಣ!"