ನನ್ನ ಅರ್ಹತೆ ಕೋರ್ಟಲ್ಲೈತೆ

ಕೆಲವರ ಮೇಲೆ ಹಲ್ಲಿ ಬೀಳುತ್ತೆ. ನನ್ನ ಮೇಲೆ ಸುತ್ತೋಲೆ ಬೀಳುತ್ತೆ. ಹಲ್ಲಿಗಾದರೆ ಪಂಚಾಂಗದಲ್ಲಿ ಫಲ ಬರೆದಿದೆ, ತಲೆಗೆ ಸ್ನಾನ ಮಾಡಿದರೆ ಮುಗಿಯಿತು. ಸುತ್ತೋಲೆಗೆ ವಕೀಲರೇ ಬೇಕು. ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಅಂತ ಎರಡು ವರ್ಷದ ಕೋರ್ಸಿಗೆ ಸೇರಿದವಳು ನಾನು. ಆ ಎರಡು ವರ್ಷದ ಕೋರ್ಸು ಈಗ ಆರನೇ ವರ್ಷದಲ್ಲಿದೆ. ನನಗೆ ಬೇಕಾಗಿರುವುದು ಒಂದೇ ಒಂದು ಸರ್ಟಿಫಿಕೇಟು. ಅದಿದ್ದರೆ ನಾನು ಟೆಕ್ನಿಶಿಯನ್, ಇಲ್ಲದಿದ್ದರೆ ಯಾರೂ ಅಲ್ಲ. ಈ ನಡುವೆ ಆದದ್ದನ್ನೆಲ್ಲ ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ, ನನ್ನ ಪಾಲಿನ ಅಳು ಮುಗಿದು ಬಹಳ ದಿನ ಆಯಿತು.

ಸೊಳ್ಳೆಯ ಪಿಯುಸಿ

ಕಾಲೇಜು ತುಮಕೂರಿನ ಮರಳೂರಿನಲ್ಲಿ, ಒಂದು ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಚೇಳೂರಿನಿಂದ ನನ್ನನ್ನು ಕರಕೊಂಡು ಬಂದ ಅಪ್ಪನಿಗೆ ಒಂದೇ ಅನುಮಾನ. ನಾನು ಪಿಯುಸಿಯಲ್ಲಿ ಓದಿದ್ದು ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ಕಂಪ್ಯೂಟರು. ಬಯಾಲಜಿ ಇರಲಿಲ್ಲ. ಕಾಲೇಜಿನವರು ಹಂಚುತ್ತಿದ್ದ ಪುಸ್ತಿಕೆಯಲ್ಲಿ ‘ಪಿಯುಸಿ ವಿಜ್ಞಾನ ಪಾಸಾಗಿರಬೇಕು’ ಅಂತ ಮಾತ್ರ ಇತ್ತು.

ಅಪ್ಪ ಕೇಳಿದ, “ಸಾರ್, ನಮ್ ಮಗು ಬಯಾಲಜಿ ಓದಿಲ್ಲ. ಮುಂದಕ್ಕೆ ತೊಂದ್ರೆ ಆಗಲ್ವಾ?”

ಅಡ್ಮಿಶನ್ ಮಾಡಿಕೊಳ್ಳುತ್ತಿದ್ದ ಗುಮಾಸ್ತರು ತಲೆ ಎತ್ತಲಿಲ್ಲ. ನನ್ನ ಫೋಟೋಗೆ ಸ್ಟೇಪ್ಲರ್ ಹೊಡೆಯುತ್ತಾ, “ಯಜಮಾನ್ರೇ, ರಕ್ತ ತಗಿಯಕ್ಕೆ ಬಯಾಲಜಿ ಯಾಕೆ? ಸೊಳ್ಳೆ ಯಾವ ಕಾಲೇಜಲ್ಲಿ ಓದೈತೆ?” ಅಂದರು.

ಅಪ್ಪನಿಗೆ ಇದು ಸರಿ ಅನ್ನಿಸಿತು. ನನಗೂ ಅನ್ನಿಸಿತು. ಸ್ಟೇಪ್ಲರ್ ಪಿನ್ನು ಮಾತ್ರ ನನ್ನ ಫೋಟೋದ ಹಣೆಗೇ ಬಿದ್ದಿತ್ತು, ನಾವು ಅದನ್ನು ಗಮನಿಸಲಿಲ್ಲ.

ಒಂದೇ ಗೋಂದು

ಮೊದಲ ವರ್ಷ ನಾನೇ ಕ್ಲಾಸಿಗೆ ಫಸ್ಟು. ಕಾಲೇಜಿನವರು ನನ್ನ ಫೋಟೋ ದೊಡ್ಡದು ಮಾಡಿಸಿ ‘ನಮ್ಮ ಹೆಮ್ಮೆ’ ಅಂತ ನೋಟಿಸ್ ಬೋರ್ಡಿಗೆ ಅಂಟಿಸಿದರು. ಎರಡನೇ ವರ್ಷದ ಪರೀಕ್ಷೆಗೆ ಒಂದು ತಿಂಗಳು ಇದ್ದಾಗ, ಪರೀಕ್ಷೆ ನಡೆಸುವ ಬೆಂಗಳೂರಿನ ಕಚೇರಿಯಿಂದ ಸುತ್ತೋಲೆ ಬಂತು. ವಿಜ್ಞಾನ ಅಂದರೆ ಬಯಾಲಜಿ ಇರಲೇಬೇಕು, ಇಲ್ಲದವರು ಪರೀಕ್ಷೆಗೆ ಅರ್ಹರಲ್ಲ. ನಾವು ಹದಿನಾಲ್ಕು ಜನ ಇದ್ದೆವು.

ಆ ದಿನ ಬೆಳಗ್ಗೆ ನಾನು ಆಸ್ಪತ್ರೆಯಲ್ಲಿ ಟ್ರೈನಿಂಗ್ ಡ್ಯೂಟಿ ಮುಗಿಸಿ, ಸಾಲಾಗಿ ಕೂತವರ ರಕ್ತ ತೆಗೆದು ತೆಗೆದು ಬೆರಳು ಮರಗಟ್ಟಿ ಬಂದಿದ್ದೆ. ನೋಟಿಸ್ ಬೋರ್ಡ್ ನೋಡಿದರೆ ಎಡಗಡೆ ‘ನಮ್ಮ ಹೆಮ್ಮೆ’, ಬಲಗಡೆ ‘ಅನರ್ಹರ ಪಟ್ಟಿ’. ಎರಡರಲ್ಲೂ ನಾನೇ ಮೊದಲು. ಎರಡಕ್ಕೂ ಒಂದೇ ಗೋಂದು, ಒಬ್ಬರೇ ಪ್ರಿನ್ಸಿಪಾಲರ ಸಹಿ.

ಪ್ರಿನ್ಸಿಪಾಲರ ಹತ್ತಿರ ಹೋದೆ. “ನೀನು ಓದಿದ್ದು ಸರಿ ಕಣಮ್ಮ. ಪಾಸಾಗಿದ್ದೂ ಸರಿ. ಸೇರಿದ್ದು ತಪ್ಪು,” ಅಂದರು.

“ಸೇರಿಸ್ಕೊಂಡೋರು ನೀವೇ ಅಲ್ವಾ ಸಾರ್?”

“ಅದನ್ನೇ ಹೇಳಿದ್ದು. ವಿಚಾರಿಸಬೇಕಿತ್ತು ತಾನೇ ನೀವು?”

ಉಪ್ಪಾರಹಳ್ಳಿಯ ನನ್ನ ಬಾಡಿಗೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು. ಮಾರನೇ ದಿನ ಅನರ್ಹರ ಪಟ್ಟಿ ಹಾಗೇ ಇತ್ತು. ‘ನಮ್ಮ ಹೆಮ್ಮೆ’ಯೂ ಹಾಗೇ ಇತ್ತು, ಹೊಸ ಅಡ್ಮಿಶನ್ ಶುರುವಾಗುವುದರಲ್ಲಿತ್ತಲ್ಲ.

ಯಾರ ಟೈಮು

ಹದಿನಾಲ್ಕು ಜನವೂ ಸೇರಿ ಕೋರ್ಟಿಗೆ ಹೋದೆವು. ಕೇಸಿದ್ದ ದಿನ ತುಮಕೂರಿನಿಂದ ಮೊದಲ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಇಡೀ ದಿನ ನಿಂತು, ನಮ್ಮ ನಂಬರು ಬರುವ ಹೊತ್ತಿಗೆ ಕಾಲು ಕಂಬವಾಗಿರುತ್ತಿತ್ತು. ಅಪ್ಪ ಫೋನ್ ಮಾಡುತ್ತಿದ್ದ.

“ಏನಾಯ್ತವ್ವ?”

“ಆ ಕಡೆ ವಕೀಲ್ರು ಟೈಮ್ ಕೇಳಿದ್ರು ಕಣಪ್ಪ.”

“ಕೊಟ್ರಾ?”

“ಕೊಟ್ರು.”

“ಯಾರ್ದು?”

“ನಂದು.”

ಆಮೇಲೆ ಅಪ್ಪ ಆ ಪ್ರಶ್ನೆ ಕೇಳುವುದನ್ನು ಬಿಟ್ಟ. ಊಟ ಆಯ್ತಾ ಅಂತ ಮಾತ್ರ ಕೇಳುತ್ತಿದ್ದ.

ಕೊನೆಗೆ ಮಧ್ಯಂತರ ಆದೇಶ ಸಿಕ್ಕಿತು. ಇವರು ಪರೀಕ್ಷೆ ಬರೆಯಲಿ, ಕೇಸು ಮುಗಿಯುವ ತನಕ ಫಲಿತಾಂಶ ಪ್ರಕಟಿಸಬಾರದು, ಮುಚ್ಚಿದ ಲಕೋಟೆಯಲ್ಲಿ ಇಡಬೇಕು ಅಂತ. ನಾವು ಕುಣಿದಾಡಿದೆವು. ಆ ಲಕೋಟೆಯನ್ನು ನೆನಪಿಟ್ಟುಕೊಳ್ಳಿ.

ಕೋರ್ಟ್ ಕ್ಯಾಂಡಿಡೇಟು

ಪರೀಕ್ಷೆಗೆ ನಮ್ಮನ್ನು ಬೇರೆಯೇ ಕೋಣೆಯಲ್ಲಿ ಕೂರಿಸಿದರು. ಬಾಗಿಲ ಮೇಲೆ ‘ಕೋರ್ಟ್ ಕ್ಯಾಂಡಿಡೇಟ್ಸ್’ ಅಂತ ಚೀಟಿ. ಮೇಲ್ವಿಚಾರಣೆಗೆ ಬಂದ ಮೇಡಂ ಬಾಗಿಲಲ್ಲೇ ನಿಂತು, ಒಳಗೆ ಬರಲೋ ಬೇಡವೋ ಅಂತ ನೋಡಿ, ಉತ್ತರ ಪತ್ರಿಕೆಯನ್ನು ದೂರದಿಂದಲೇ ಚಾಚಿ ಕೊಟ್ಟರು. ಅರ್ಧ ಗಂಟೆ ಆದ ಮೇಲೆ ಧೈರ್ಯ ಬಂದು ನನ್ನ ಪಕ್ಕ ಬಗ್ಗಿ ಪಿಸುಗುಟ್ಟಿದರು, “ನೋಡಿದ್ರೆ ಒಳ್ಳೆ ಮನೆತನದೋಳ ಥರ ಇದೀಯ. ಏನ್ ಮಾಡ್ಬಿಟ್ಟೆ?”

“ಕಂಪ್ಯೂಟರ್ ಸೈನ್ಸ್ ತಗೊಂಡ್ಬಿಟ್ಟೆ ಮೇಡಂ,” ಅಂದೆ.

ಗುಬ್ಬಿಯವರು ಬಂದದ್ದು

ಈ ನಡುವೆ ಗುಬ್ಬಿಯಿಂದ ಒಂದು ಸಂಬಂಧ ಬಂತು. ಕಾಫಿ, ಖಾರ, ಕೊಬ್ಬರಿ ಮಿಠಾಯಿ ಎಲ್ಲ ಆಯಿತು. ಹುಡುಗನ ಸೋದರಮಾವ ವಿಚಾರಣೆಗೆ ಇಳಿದ.

“ಹುಡ್ಗಿ ಏನ್ ಓದವ್ಳೆ?”

“ಲ್ಯಾಬ್ ಟೆಕ್ನಿಶಿಯನ್ ಓದವ್ಳೆ,” ಅಂದ ಅಪ್ಪ.

“ಪಾಸಾ?”

ಅಪ್ಪ ಸುಳ್ಳು ಹೇಳುವವನಲ್ಲ. “ಕೋರ್ಟಲ್ಲೈತೆ,” ಅಂದ.

ಅವರವರೇ ಮುಖ ಮುಖ ನೋಡಿಕೊಂಡರು. “ಹಂಗಾರೆ ತೀರ್ಪು ಬರ್ಲಿ ಬುಡಿ, ಆಮ್ಯಾಕೆ ನೋಡನ,” ಅಂತ ಸೋದರಮಾವ ಎದ್ದ. ಎದ್ದವನು ಜೇಬಿನಿಂದ ಒಂದು ಮಡಚಿದ ಕಾಗದ ತೆಗೆದು ನನ್ನ ಕೈಗಿಟ್ಟ. “ಅಂಗೇ ಇದೊಂಚೂರು ನೋಡವ್ವ. ಮೊನ್ನೆ ಟೆಸ್ಟ್ ಮಾಡ್ಸಿದ್ದು. ಶುಗರ್ ಎಷ್ಟೈತೆ?”

ಮೈಯೆಲ್ಲ ಉರಿದುಹೋಯಿತು. “ನಾನು ಹೇಳಂಗಿಲ್ಲ ಮಾವ, ತೀರ್ಪು ಬರ್ಬೇಕು,” ಅಂದೆ. ಆದರೂ ಕಣ್ಣು ಕಾಗದದ ಮೇಲೆ ಹೋಯಿತು. ಅಲ್ಲಿದ್ದ ಅಂಕಿ ಮುನ್ನೂರು ದಾಟಿತ್ತು. ಆತನ ಇನ್ನೊಂದು ಕೈಯಲ್ಲಿದ್ದ ಕೊಬ್ಬರಿ ಮಿಠಾಯಿ ಕಿತ್ತುಕೊಂಡೆ. ಹುಡುಗಿ ಜೋರು ಅಂತ ಗುಬ್ಬಿಯೆಲ್ಲ ಸುದ್ದಿಯಾಯಿತು.

ಕುಣಿಗಲ್ಲಿನ ಪೊರಕೆ

ಸರ್ಟಿಫಿಕೇಟಿಗಾಗಿ ಕಾಯುತ್ತ ಕೂತರೆ ಹೊಟ್ಟೆ ಕೇಳಬೇಕಲ್ಲ. ಕುಣಿಗಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದೆ. ಲ್ಯಾಬಿನ ಗೋಡೆಯ ಮೇಲೆ ಬೇರೆ ಒಬ್ಬನ ಸರ್ಟಿಫಿಕೇಟು ಫ್ರೇಮಿನಲ್ಲಿ ತೂಗುತ್ತಿತ್ತು. ಆತ ತಿಂಗಳಿಗೊಮ್ಮೆ ಬಂದು ಸಹಿ ಮಾಡಿ ಹೋಗುತ್ತಿದ್ದ. ದಿನವೂ ಟೆಸ್ಟ್ ಮಾಡುವವಳು ನಾನು. ಹಾಜರಿ ಪುಸ್ತಕದಲ್ಲಿ ಮಾತ್ರ ನಾನು ಆಯಾ.

ಒಂದು ದಿನ ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆ ಅಂತ ಸುದ್ದಿ ಬಂತು. ಸರ್ಟಿಫಿಕೇಟಿನವನನ್ನು ಓಡೋಡಿ ಕರೆಸಿ, ಬಿಳಿ ಕೋಟು ತೊಡಿಸಿದರು. ಆ ಕೋಟು ನನ್ನದು. ಡಾಕ್ಟರು ನನ್ನ ಕೈಗೆ ಪೊರಕೆ ಕೊಟ್ಟು, “ಒಂದರ್ಧ ಗಂಟೆ ಅಷ್ಟೇ ಕಣಮ್ಮ,” ಅಂದರು.

ಬಂದ ಅಧಿಕಾರಿಗಳು ಕುರ್ಚಿಯಲ್ಲಿ ಕೂತು ತೋಳು ಚಾಚಿ, “ನಂದೇ ಹಿಮೋಗ್ಲೋಬಿನ್ ನೋಡ್ರಿ, ನೋಡೋಣ ನಿಮ್ಮ ಕೆಲಸ,” ಅಂದರು. ಆತ ಒಂದು ಸಲ ಚುಚ್ಚಿದ, ನರ ಸಿಗಲಿಲ್ಲ. ಎರಡು ಸಲ ಚುಚ್ಚಿದ. ಮೂರನೇ ಸಲಕ್ಕೆ ಅಧಿಕಾರಿಗಳ ತೋಳು ನೀಲಿಗಟ್ಟಿತ್ತು, ಆತನ ಮುಖ ಬಿಳಿಚಿಕೊಂಡಿತ್ತು. ನನ್ನಿಂದ ನೋಡಲಾಗಲಿಲ್ಲ. ಪೊರಕೆ ಗೋಡೆಗೆ ಒರಗಿಸಿ, ಕೈ ತೊಳೆದು, ಗ್ಲೌಸು ಹಾಕಿಕೊಂಡು, ಇನ್ನೊಂದು ತೋಳಿನಲ್ಲಿ ಒಂದೇ ಸಲಕ್ಕೆ ತೆಗೆದುಕೊಟ್ಟೆ.

ಗುಟ್ಟು ಬಯಲಾಯಿತು ಅಂತ ಡಾಕ್ಟರು ಅಂದುಕೊಂಡರು. ಅಧಿಕಾರಿಗಳು ಮಾತ್ರ ಖುಷಿಯಾಗಿ, “ಭಲೇ ಡಾಕ್ಟ್ರೇ! ನಿಮ್ಮಲ್ಲಿ ಆಯಾಗೂ ಇಷ್ಟು ಚೆನ್ನಾಗಿ ಟ್ರೈನಿಂಗ್ ಕೊಟ್ಟಿದ್ದೀರಿ,” ಅಂತ ವರದಿಯಲ್ಲೇ ಬರೆದರು. ಇಷ್ಟು ವರ್ಷದಲ್ಲಿ ಸರ್ಕಾರ ನನ್ನ ಬಗ್ಗೆ ಬರೆದ ಒಳ್ಳೆಯ ಮಾತು ಅದೊಂದೇ. ಅದೂ ಪೊರಕೆಯ ಖಾತೆಗೆ ಹೋಯಿತು.

ಲಕೋಟೆ

ಕೊನೆಗೂ ತೀರ್ಪು ಬಂತು. ಸುತ್ತೋಲೆ ಬರುವ ಮೊದಲೇ ಸೇರಿದವರಿಗೆ ಅದು ಅನ್ವಯಿಸುವುದಿಲ್ಲ, ಇವರು ಅರ್ಹರು, ಫಲಿತಾಂಶ ಪ್ರಕಟಿಸಿ ಅಂತ. ಅಷ್ಟು ಹೊತ್ತಿಗೆ ನಮ್ಮ ಹದಿನಾಲ್ಕು ಜನರಲ್ಲಿ ಬಹಳ ಮಂದಿ ಬೇಸತ್ತು ಬೇರೆ ಕೆಲಸ ಹಿಡಿದಿದ್ದರು. ನಾನು, ಅಪ್ಪ ಇಬ್ಬರೇ ಬೆಂಗಳೂರಿನ ಆ ಪರೀಕ್ಷಾ ಕಚೇರಿಗೆ ಹೋದೆವು. ಅಪ್ಪ ಮದುವೆಗೆ ಹೊರಟವನಂತೆ ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದ. ಬ್ಯಾಗಿನಲ್ಲಿ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಇತ್ತು.

ಅಲ್ಲಿನ ಅಧಿಕಾರಿಗಳು ಬೀರು ತೆಗೆದು ಲಕೋಟೆ ಹೊರಗಿಟ್ಟರು. ಲಕೋಟೆಯೇನು, ತಲೆದಿಂಬಿನಷ್ಟು ದಪ್ಪ. ಐದು ಕಡೆ ಅರಗಿನ ಮುದ್ರೆ. ಇಬ್ಬರು ಸಾಕ್ಷಿಗಳನ್ನು ಕರೆಸಿ, ಸಹಿ ಹಾಕಿಸಿ, ಕತ್ತರಿ ಹಾಕಿದರು. ಒಳಗಿಂದ ಬಂದದ್ದು ನನ್ನ ಉತ್ತರ ಪತ್ರಿಕೆಗಳು. ಕಟ್ಟಿದ ದಾರ ಕಟ್ಟಿದ ಹಾಗೇ ಇತ್ತು, ಒಂದು ಕೆಂಪು ಗೀಟೂ ಇರಲಿಲ್ಲ.

“ಸಾರ್, ಫಲಿತಾಂಶ ಎಲ್ಲಿ?” ಅಂದೆ.

“ಫಲಿತಾಂಶ ಪ್ರಕಟಿಸಬಾರದು ಅಂತ ಆದೇಶ ಇತ್ತಲ್ಲಮ್ಮ. ಮಾಡಿಟ್ಟರೆ ಎಲ್ಲಿ ಹೊರಗೆ ಹೋಗುತ್ತೋ ಅಂತ ಮಾಡಲೇ ಇಲ್ಲ. ಕೋರ್ಟ್ ಆದೇಶವನ್ನು ನಮ್ಮಷ್ಟು ನಿಷ್ಠೆಯಿಂದ ಪಾಲಿಸಿದವರು ಯಾರೂ ಇಲ್ಲ.”

“ಹಂಗಾದ್ರೆ ಈಗ ತಿದ್ದಿಸಿ ಸಾರ್.”

“ಅದೇ ತೊಂದರೆ ಆಗಿರೋದು. ನಿಮ್ಮದು ಹಳೇ ಸಿಲಬಸ್ಸು. ಅದನ್ನು ತಿದ್ದೋಕೆ ಈಗ ನಮ್ಮಲ್ಲಿ ಅರ್ಹತೆ ಇರೋರು ಯಾರೂ ಇಲ್ಲ.”

ಮೇಜಿನ ಮೇಲಿದ್ದ ನನ್ನ ಕೈಬರಹ ನೋಡುತ್ತಾ ನಿಂತೆ. ಎಷ್ಟು ಚಂದ ಬರೆದಿದ್ದೆ. ಅಪ್ಪ ಎದ್ದು, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ.

“ಸಾರ್, ತೆಪ್ ತಿಳ್ಕಬ್ಯಾಡಿ. ತಿದ್ದೋರ್ಗೆ ಅರ್ಹತೆ ಇಲ್ಲ ಅಂತೀರಿ. ನಮ್ ಮಗಳ್ಗೆ ಐತೆ ಅಂತ ಕೋರ್ಟೇ ಹೇಳೈತೆ, ಇಗಳಿ ತೀರ್ಪು. ಈ ಆಫೀಸ್ನಾಗೆ ಇವತ್ತು ಅರ್ಹತೆ ಇರೋಳು ಅವಳೊಬ್ಳೇಯ. ಅವಳ್ ಕೈಗೇ ಕೊಡಿ, ತಿದ್ಕತಾಳೆ.”

ಸಾಕ್ಷಿಗೆ ಬಂದಿದ್ದ ಇಬ್ಬರೂ ನಕ್ಕರು. ಅಧಿಕಾರಿಗಳು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ಯಜಮಾನ್ರೇ, ಅದನ್ನೇ ಒಂದು ಹಾಳೆಯಲ್ಲಿ ಬರೆದುಕೊಡಿ. ಅವಕಾಶ ಇದೆಯಾ ಅಂತ ಮೇಲಿನವರನ್ನು ಕೇಳ್ತೀನಿ,” ಅಂದರು.

ಅಪ್ಪ ಬರೆದುಕೊಟ್ಟ. ನಾಲ್ಕು ತಿಂಗಳಾಯಿತು, ಆಗುವುದಿಲ್ಲ ಅಂತ ಇನ್ನೂ ಉತ್ತರ ಬಂದಿಲ್ಲ. ನಾನು ಕುಣಿಗಲ್ ಪೇಟೆಯಲ್ಲಿ ಒಂದು ಕೆಂಪು ಪೆನ್ನು ತಂದಿಟ್ಟುಕೊಂಡಿದ್ದೇನೆ.